ದುಡಿಯುವ ಕತ್ತೆ, ಹೇಸರಗತ್ತೆಗಳಲ್ಲಿ ಬ್ಯಾಕ್ಟೀರಿಯಾ ರೋಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತೆ ಸಾಕುವವರು, ಕುರಿ ಹಿಂಡಿನ ಜೊತೆ ಊರೂರು ಅಲೆಯುವವರು, ಕತ್ತೆ ಹಾಲು ಮಾರುವವರು, ಪಶು ಆಸ್ಪತ್ರೆಯ ಸಿಬ್ಬಂದಿ, ಸಮೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಕುದುರೆ, ಕತ್ತೆಗಳಿಗೆ ಬರುವ ಗ್ಲ್ಯಾಂಡರ್ಸ್ ಎಂಬ ಅಂಟುರೋಗದ ಬಗ್ಗೆ ಹೆಚ್ಚು ಬರೆದಿದ್ದೇವೆ, ಏಕೆಂದರೆ ಅದು ಪ್ರಾಣಿಯನ್ನೂ ಕೊಲ್ಲುತ್ತದೆ, ಸಾಕಿದವರನ್ನೂ ಕೊಲ್ಲಬಲ್ಲದು.

ಕತ್ತೆಗಳೇ ಕಡಿಮೆಯಾಗುತ್ತಿವೆ. ಆದರೂ ಅವುಗಳ ರೋಗದ ಲೆಕ್ಕ ಯಾಕೆ ಬೇಕು?

2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 1.2 ಲಕ್ಷ ಕತ್ತೆಗಳು, 84 ಸಾವಿರ ಹೇಸರಗತ್ತೆಗಳು ಉಳಿದಿದ್ದವು. 2012ಕ್ಕೆ ಹೋಲಿಸಿದರೆ ಕತ್ತೆಗಳು ಶೇ 61ರಷ್ಟು, ಹೇಸರಗತ್ತೆಗಳು ಶೇ 57ರಷ್ಟು ಇಳಿದಿವೆ. ಕರ್ನಾಟಕದ ಪಾಲು ಸುಮಾರು 9 ಸಾವಿರ ಕತ್ತೆ.

ಸಂಖ್ಯೆ ಇಳಿದ ಮಾತ್ರಕ್ಕೆ ರೋಗ ಇಳಿಯುವುದಿಲ್ಲ. ಉಳಿದ ಪ್ರಾಣಿಗಳು ಕೆಲವೇ ಜಾಗಗಳಲ್ಲಿ ಒತ್ತಾಗಿ ಸೇರುತ್ತವೆ: ಉತ್ತರ ಭಾರತದ ಇಟ್ಟಿಗೆ ಭಟ್ಟಿಗಳು, ಹಿಮಾಲಯದ ಯಾತ್ರೆಯ ದಾರಿಗಳು, ಪೌಷ ಹುಣ್ಣಿಮೆಗೆ ಮಹಾರಾಷ್ಟ್ರದ ಜೇಜುರಿಯಲ್ಲಿ ನೆರೆಯುವ ಕತ್ತೆ ಬಜಾರು. ಬೇರೆ ಬೇರೆ ಕಡೆಯ ಪ್ರಾಣಿಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿದು ಬೇರೆ ಬೇರೆ ಜಿಲ್ಲೆಗೆ ಮರಳುತ್ತವೆ. ಹಸು, ಎಮ್ಮೆಗಳಿಗೆ ಇರುವಂತೆ ಮನೆಬಾಗಿಲಿಗೆ ಬರುವ ಲಸಿಕೆ ಅಭಿಯಾನ ಇವುಗಳಿಗಿಲ್ಲ. ಸಾಕುವವರು ಬಹುಪಾಲು ದಿನಗೂಲಿಯವರು, ಒಂದು ಕತ್ತೆ ಮಲಗಿದರೆ ಅಂದಿನ ಸಂಪಾದನೆಯೂ ನಿಂತಿತು.

ಮುಖ್ಯವಾಗಿ ಯಾವ ಯಾವ ಬ್ಯಾಕ್ಟೀರಿಯಾ ರೋಗಗಳು ಬರುತ್ತವೆ?

ಗ್ಲ್ಯಾಂಡರ್ಸ್, ಗಂಟಲ ಗ್ರಂಥಿ ಊದಿ ಕೀವಾಗುವ ಸ್ಟ್ರ್ಯಾಂಗಲ್ಸ್, ಧನುರ್ವಾಯು, ಹೇರಿನ ಗಾಯಕ್ಕೆ ಕೀವು ತುಂಬುವುದು, ಕೆಲವೊಮ್ಮೆ ಕಂದು ರೋಗ ಎನ್ನುವ ಬ್ರುಸೆಲ್ಲಾ, ಇಲಿ ಜ್ವರ ಎನ್ನುವ ಲೆಪ್ಟೊಸ್ಪೈರಾ, ಅಂಥ್ರಾಕ್ಸ್. ಗಬ್ಬದ ಪ್ರಾಣಿಗಳು ಕಂದು ಹಾಕುವುದಕ್ಕೆ ಸಾಲ್ಮೊನೆಲ್ಲಾ ಅಬಾರ್ಟಸ್ ಈಕ್ವಿ ಎಂಬುದೂ ಒಂದು ಕಾರಣ. ಮಳೆಗಾಲದಲ್ಲಿ ಬೆನ್ನ ಮೇಲೆ ಕೂದಲು ಗಂಟುಕಟ್ಟಿ ಹೊಪ್ಪಳಿಕೆ ಏಳುವುದು ಡರ್ಮಟೊಫೈಲಸ್. ನೆನೆಯದಂತೆ ನೋಡಿಕೊಂಡು ಮೈ ಒಣಗಿಸಿದರೆ ಬಹುಮಟ್ಟಿಗೆ ತಾನೇ ವಾಸಿಯಾಗುತ್ತದೆ.

ನಮ್ಮ ಕತ್ತೆ ಮೇವು ತಿನ್ನುತ್ತದೆ, ಕೆಲಸ ಮಾಡುತ್ತದೆ. ರೋಗ ಇಲ್ಲ ಅಂತಲೇ ಅಲ್ಲವೆ?

ಅಲ್ಲ. ಕತ್ತೆ ನೋವನ್ನೂ ಜ್ವರವನ್ನೂ ಕುದುರೆಯಷ್ಟು ಬೇಗ ತೋರಿಸಿಕೊಳ್ಳುವುದಿಲ್ಲ. ತಲೆ ತಗ್ಗಿಸಿ ಮಂಕಾಗಿ ನಿಂತಿತು ಎಂದರೆ ರೋಗ ಆಗಲೇ ಬಲಿತಿದೆ ಎಂದು ತಿಳಿಯಬೇಕು. ಅದಕ್ಕೇ ಕಣ್ಣಂದಾಜು ಬಿಟ್ಟು ಥರ್ಮಾಮೀಟರ್ ಇಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಅದನ್ನು ಪ್ರಾಣಿಗಳಿಗೇ ಮೀಸಲಿಡಿ.

ಅಳೆಯುವುದು ಬೆಳಿಗ್ಗೆ, ಹೇರು ಹೊರಿಸುವ ಮೊದಲು. ದುಡಿದ ಮೇಲೆ, ಬಿಸಿಲಲ್ಲಿ ನಿಂತ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ತುದಿಗೆ ಸ್ವಲ್ಪ ಎಣ್ಣೆ ಸವರಿ, ಪಕ್ಕಕ್ಕೆ ನಿಂತು, ಗುದದ್ವಾರದೊಳಗೆ ಒಂದು ಬದಿಗೆ ತಾಗುವಂತೆ ಓರೆಯಾಗಿ ಇಡಿ. ನೇರವಾಗಿ ತೂರಿಸಿದರೆ ತುದಿ ಲದ್ದಿಯೊಳಗೆ ಹೋಗಿ ಕಡಿಮೆ ತೋರಿಸುತ್ತದೆ. ಬೀಪ್ ಆಗುವವರೆಗೆ ಕೈ ಬಿಡಬೇಡಿ. ಆರೋಗ್ಯವಾಗಿರುವ ದೊಡ್ಡ ಕತ್ತೆಯ ಮೈಬಿಸಿ ಸರಾಸರಿ 37.1 ಡಿಗ್ರಿ ಸೆಲ್ಸಿಯಸ್, ಸುಮಾರು 36.2ರಿಂದ 37.8ರವರೆಗೆ ಇರಬಹುದು. ಕುದುರೆಗೆ 38.3 ಸಹಜ, ಕತ್ತೆಗೆ ಅದು ಜ್ವರ. ಕುದುರೆಯ ಅಳತೆಯಿಂದ ಕತ್ತೆಯನ್ನು ನೋಡುವುದರಿಂದಲೇ ಎಷ್ಟೋ ಜ್ವರಗಳು ಕಣ್ತಪ್ಪುತ್ತವೆ. 38 ದಾಟಿದರೆ ಎರಡು ಗಂಟೆ ನೆರಳಲ್ಲಿ ಬಿಟ್ಟು ಮತ್ತೆ ಅಳೆಯಿರಿ. ಇಳಿಯದಿದ್ದರೆ ಬೇರೆ ಕಡೆ ಕಟ್ಟಿ ವೈದ್ಯರನ್ನು ಕರೆಸಿ. ಮರಿಗಳ ಮೈಬಿಸಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

ಇನ್ನೊಂದು ಮಾತು. ಯಾವ ಕಾರಣಕ್ಕೇ ಆಗಲಿ, ಕತ್ತೆ ಒಂದು ದಿನ ಪೂರ್ತಿ ಮೇವು ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ಸೇರಿ ಯಕೃತ್ತು ಕೆಡಲು ಶುರುವಾಗುತ್ತದೆ. ಮೂಲ ಸೋಂಕು ವಾಸಿಯಾದರೂ ಇದರಿಂದಲೇ ಸಾಯುವುದುಂಟು. ದಪ್ಪಗಿರುವ, ಗಬ್ಬದ, ಹಾಲೂಡಿಸುವ ಹೆಣ್ಣುಗಳಲ್ಲಿ ಈ ಅಪಾಯ ಜಾಸ್ತಿ. "ನಾಳೆ ನೋಡೋಣ" ಅನ್ನುವ ಮಾತು ಇಲ್ಲಿ ಸಲ್ಲದು.

ಗ್ಲ್ಯಾಂಡರ್ಸ್ ಹೇಗೆ ಹರಡುತ್ತದೆ?

ಇದಕ್ಕೆ ಕಾರಣ ಬರ್ಖೋಲ್ಡೇರಿಯಾ ಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾ. ಸೋಂಕಿರುವ ಪ್ರಾಣಿಯ ಸಿಂಬಳ, ಹುಣ್ಣಿನ ಕೀವು ಸೇರಿದ ನೀರು ಮತ್ತು ಮೇವು ಇದರ ಮುಖ್ಯ ದಾರಿ. ಒಂದೇ ಬಾನಿ, ಒಂದೇ ಮೂಗುಚೀಲ, ಒಂದೇ ಕಡಿವಾಣ, ಒಂದೇ ಬ್ರಷ್ ಎಲ್ಲವೂ ಸೋಂಕು ಸಾಗಿಸುತ್ತವೆ. ಕುದುರೆಯಲ್ಲಿ ರೋಗ ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುತ್ತದೆ. ಅದು ನೋಡಲು ಗಟ್ಟಿಯಾಗೇ ಇದ್ದು ಸುತ್ತ ಹಂಚುತ್ತಿರುತ್ತದೆ. ಕತ್ತೆಯಲ್ಲಿ ಹಾಗಲ್ಲ, ತೀವ್ರ ರೂಪದಲ್ಲೇ ಬಂದು ಕೆಲವು ದಿನಗಳಿಂದ ಎರಡು ವಾರದೊಳಗೆ ಸಾಯಿಸುತ್ತದೆ. ಹೇಸರಗತ್ತೆಯಲ್ಲೂ ತೀವ್ರವಾಗಿಯೇ ಬರುವುದು ಹೆಚ್ಚು. ಹಾಗಾಗಿ ಒಂದು ಜಾಗದಲ್ಲಿ ಕತ್ತೆಗಳು ಒಂದರ ಹಿಂದೊಂದು ಜ್ವರ ಬಂದು ಸತ್ತರೆ, ಅಲ್ಲಿ ಜೊತೆಗಿರುವ ಕುದುರೆಗಳನ್ನೂ ಪರೀಕ್ಷಿಸಬೇಕು. ಮೂಲ ಅಲ್ಲಿರಬಹುದು.

ಭಾರತದಲ್ಲಿ ಇದು 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ತಲೆಯೆತ್ತಿತು. ಆಮೇಲೆ ಉತ್ತರ ಪ್ರದೇಶ, ಉತ್ತರಾಖಂಡ, ಹಿಮಾಚಲ ಪ್ರದೇಶ, ಗುಜರಾತ್ ಸೇರಿ ಹಲವು ರಾಜ್ಯಗಳಲ್ಲಿ ಕಂಡಿತು. ಬೆಂಗಳೂರಿನಲ್ಲೇ 2018ರಲ್ಲಿ ಡಿ.ಜೆ. ಹಳ್ಳಿಯ ಕುದುರೆಯೊಂದರಲ್ಲಿ ಪತ್ತೆಯಾಗಿ, ಸುತ್ತಲಿನ ಪ್ರದೇಶದಲ್ಲಿ ಕುದುರೆ, ಕತ್ತೆಗಳ ಓಡಾಟ ನಿಲ್ಲಿಸಬೇಕಾಯಿತು. "ಅದು ಉತ್ತರದವರ ರೋಗ" ಅನ್ನುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ.

ಲಕ್ಷಣ ಗುರುತಿಸುವುದು ಹೇಗೆ?

ಮೂಗಿನಲ್ಲಿ ಆದರೆ ಅಂಟಂಟಾದ, ಹಳದಿ ಹಸಿರು ಸಿಂಬಳ, ಆಗಾಗ ರಕ್ತದ ಎಳೆ. ಒಂದೇ ಹೊಳ್ಳೆಯಿಂದಲೂ ಬರಬಹುದು. ಹೊಳ್ಳೆಯ ಒಳಗೋಡೆಯಲ್ಲಿ ಗಂಟು ಎದ್ದು, ಒಡೆದು, ಅಂಚು ಒರಟಾದ ಹುಣ್ಣಾಗುತ್ತದೆ. ಹುಣ್ಣು ಮಾಗಿದ ಜಾಗದಲ್ಲಿ ನಕ್ಷತ್ರದ ಆಕಾರದ ಕಲೆ ಉಳಿಯುತ್ತದೆ. ದವಡೆಯ ಕೆಳಗಿನ ಗ್ರಂಥಿ ಗಟ್ಟಿಯಾಗಿ ಊದಿರುತ್ತದೆ.

ಶ್ವಾಸಕೋಶದಲ್ಲಿ ಆದರೆ ಕೆಮ್ಮು, ಏದುಸಿರು, ದಿನದಿಂದ ದಿನಕ್ಕೆ ಸೊರಗುವುದು. ಚರ್ಮದಲ್ಲಿ ಆದರೆ ಹಿಂಗಾಲಿನ ಒಳಬದಿ, ಹೊಟ್ಟೆ, ಕತ್ತಿನ ಮೇಲೆ ಸಾಲಾಗಿ ಗಂಟುಗಳು. ಅವು ಒಡೆದರೆ ಜೇನುತುಪ್ಪದ ಬಣ್ಣದ ಅಂಟು ಕೀವು. ಈ ಚರ್ಮದ ರೂಪಕ್ಕೆ ಫಾರ್ಸಿ ಎನ್ನುತ್ತಾರೆ. ಮೂರೂ ಒಟ್ಟಿಗೇ ಇರಬಹುದು.

ಇದೇ ರೀತಿ ಕಾಣುವ ಬೇರೆ ರೋಗಗಳೂ ಇವೆ. ಇಥಿಯೋಪಿಯಾದ ಗಾಡಿ ಕುದುರೆಗಳಲ್ಲಿ, ಹೇಸರಗತ್ತೆಗಳಲ್ಲಿ ಹೆಚ್ಚು ಕಾಣುವ ಎಪಿಝೂಟಿಕ್ ಲಿಂಫಾಂಜೈಟಿಸ್ ನೋಡಲು ಥೇಟ್ ಫಾರ್ಸಿ, ಆದರೆ ಅದು ಶಿಲೀಂಧ್ರದಿಂದ ಬರುವುದು. ಕೊರಿನೆಬ್ಯಾಕ್ಟೀರಿಯಂ ಕೂಡ ಕಾಲಿನಲ್ಲಿ ಇಂಥದೇ ಗಂಟು ಎಬ್ಬಿಸುತ್ತದೆ. ಕಣ್ಣಲ್ಲಿ ನೋಡಿ ತೀರ್ಮಾನಿಸುವ ರೋಗ ಇದಲ್ಲ.

ಪರೀಕ್ಷೆ ಏನು ಮಾಡುತ್ತಾರೆ?

ಮೊದಲು ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಬೇರ್ಪಡುವ ತಿಳಿಯಲ್ಲಿ, ರೋಗದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ. ಪಾಸಿಟಿವ್ ಬಂದರೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಕಾಂಪ್ಲಿಮೆಂಟ್ ಫಿಕ್ಸೇಶನ್ ಪರೀಕ್ಷೆಯಿಂದ ಖಚಿತಪಡಿಸುತ್ತಾರೆ. ಕತ್ತೆ, ಹೇಸರಗತ್ತೆಗಳ ಮಟ್ಟಿಗೆ ಈ ಎರಡನೇ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಇವುಗಳ ಸೀರಮ್ ಕೆಲವೊಮ್ಮೆ ಪ್ರತಿಕಾಯ ಇಲ್ಲದಿದ್ದರೂ ತಾನೇ ಪರೀಕ್ಷೆಗೆ ಬಳಸುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನನ್ನು ಕಬಳಿಸಿಬಿಡುತ್ತದೆ, ಆಗ ಫಲಿತಾಂಶ ಓದಲಾಗುವುದಿಲ್ಲ. ಅಂಥಲ್ಲಿ ಮತ್ತೆ ಮಾದರಿ ಕೇಳಿದರೆ ಸಿಟ್ಟಾಗಬೇಡಿ, ಪ್ರಯೋಗಾಲಯದ ತಪ್ಪಲ್ಲ.

ಹಳೆಯ ಮ್ಯಾಲೀನ್ ಪರೀಕ್ಷೆಯಲ್ಲಿ ಕೆಳರೆಪ್ಪೆಯ ಚರ್ಮದೊಳಗೆ ಈ ಬ್ಯಾಕ್ಟೀರಿಯಾದಿಂದಲೇ ತೆಗೆದ ಮ್ಯಾಲೀನ್ 0.1 ಮಿ.ಲೀ. ಚುಚ್ಚಿ 24 ಮತ್ತು 48 ಗಂಟೆಗೆ ನೋಡುತ್ತಾರೆ. ರೆಪ್ಪೆ ಊದಿ ಕಣ್ಣಲ್ಲಿ ಕೀವು ಬಂದರೆ ಪಾಸಿಟಿವ್. ಇದೇ ಪರೀಕ್ಷೆ ಮತ್ತು ಕಟ್ಟುನಿಟ್ಟಾದ ನಿರ್ಮೂಲನೆಯಿಂದ ಬ್ರಿಟನ್ 1928ರ ಹೊತ್ತಿಗೆ ಗ್ಲ್ಯಾಂಡರ್ಸ್ ಮುಕ್ತವಾಯಿತು, ಅದೂ ಯಾವ ಲಸಿಕೆಯೂ ಇಲ್ಲದೆ. ಲಸಿಕೆ ಇಂದಿಗೂ ಇಲ್ಲ.

ಪಾಸಿಟಿವ್ ಬಂದರೆ ಔಷಧಿ ಕೊಟ್ಟು ಉಳಿಸಿಕೊಳ್ಳಬಾರದೆ?

ಬಾರದು. ಈ ಪ್ರಶ್ನೆಯ ಹಿಂದಿನ ಸಂಕಟ ನಮಗೆ ಗೊತ್ತು, ಆದರೂ ಉತ್ತರ ಇದೇ. ಬ್ಯಾಕ್ಟೀರಿಯಾ ಜೀವಕೋಶಗಳ ಒಳಗೆ ಅಡಗಿರುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟರೆ ಸಿಂಬಳ ನಿಲ್ಲುತ್ತದೆ, ಹುಣ್ಣು ಮಾಗುತ್ತದೆ, ರೋಗ ಹೋಗುವುದಿಲ್ಲ. ಮೇಲೆ ಚೆನ್ನಾಗಿ ಕಾಣುವ ಆ ಪ್ರಾಣಿ ಮನೆಯವರಿಗೂ ನೆರೆಯವರಿಗೂ ಸೋಂಕು ಹಂಚುತ್ತದೆ. ಹೀಗಾಗಿ ಖಚಿತವಾದ ಪ್ರಾಣಿಗೆ ನೋವಿಲ್ಲದ ಸಾವು ಕೊಡುವುದೇ ನಿಯಮ. ಮಾಲೀಕರಿಗೆ ಸರ್ಕಾರದ ಪರಿಹಾರ ಇದೆ. ಅದಕ್ಕೆ ಅರ್ಜಿ, ಮಹಜರು, ಪರೀಕ್ಷಾ ವರದಿಯ ಪ್ರತಿ ಬೇಕಾಗುತ್ತವೆ. ಪ್ರಾಣಿಯನ್ನು ಹೂಳುವ ಮೊದಲೇ ಕಾಗದಪತ್ರ ಪೂರ್ತಿಯಾಗಿದೆಯೇ ಎಂದು ಪಶುವೈದ್ಯಾಧಿಕಾರಿಗಳನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಕಳೇಬರವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಸುಮಾರು 6 ಅಡಿ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು, ಇಲ್ಲವೇ ಸುಡಬೇಕು. ಬಾವಿ, ಕೆರೆ, ಹಳ್ಳದಿಂದ ದೂರ. ಹಾಸಿದ ಹುಲ್ಲು, ಉಳಿದ ಮೇವು, ಹಳೆಯ ಗೋಣಿ, ಹಗ್ಗ ಎಲ್ಲವನ್ನೂ ಸುಟ್ಟುಬಿಡಿ. ಪಕ್ಕದ ಊರಿಗೆ ಕೊಟ್ಟ ಒಂದು ಹಳೆಯ ಕಡಿವಾಣ ಸಾಕು, ಎಲ್ಲ ಮೊದಲಿಂದ ಶುರುವಾಗಲು.

ಮನುಷ್ಯರಿಗೆ ಎಷ್ಟು ಅಪಾಯ?

ಸುಲಭವಾಗಿ ಅಂಟುವುದಿಲ್ಲ, ಅಂಟಿದರೆ ಮಾತ್ರ ಜೀವಕ್ಕೆ ಅಪಾಯ. ಕೈಯ ಗಾಯ, ಕಣ್ಣು, ಮೂಗು, ಉಸಿರಿನ ಮೂಲಕ ಬರುತ್ತದೆ. ಸೋಂಕಿತ ಪ್ರಾಣಿಯನ್ನು ಮುಟ್ಟಿದವರಿಗೆ ಜ್ವರ, ಎದೆನೋವು, ವಾಸಿಯಾಗದ ಹುಣ್ಣು, ಕಂಕುಳಲ್ಲಿ ಗಂಟು ಬಂದರೆ ಆಸ್ಪತ್ರೆಗೆ ಹೋಗಿ ಮೊದಲ ಮಾತಿನಲ್ಲೇ "ನಾನು ಕತ್ತೆ ಸಾಕುತ್ತೇನೆ, ಅದಕ್ಕೆ ಗ್ಲ್ಯಾಂಡರ್ಸ್ ಶಂಕೆ ಇದೆ" ಎಂದು ಹೇಳಿ. ಹೇಳದಿದ್ದರೆ ಯಾವ ವೈದ್ಯರಿಗೂ ಈ ರೋಗ ಹೊಳೆಯುವುದಿಲ್ಲ. ಮನುಷ್ಯರಿಗೆ ಚಿಕಿತ್ಸೆ ಇದೆ, ಆದರೆ ಅದು ತಿಂಗಳುಗಟ್ಟಲೆ ನಡೆಯುವಂಥದ್ದು.

ನೀರಿನ ತೊಟ್ಟಿ ತೊಳೆಯುವ ಸರಿಯಾದ ಕ್ರಮ ಯಾವುದು?

ಮೊದಲು ನೀರು ಪೂರ್ತಿ ಖಾಲಿ ಮಾಡಿ, ಪಾಚಿ, ಜೊಲ್ಲು, ಮೇವಿನ ಚೂರು ಎಲ್ಲ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕೊಳೆ ಇರುವ ಕಡೆ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಕೊಳೆಗೇ ಖರ್ಚಾಗಿ ಬ್ಯಾಕ್ಟೀರಿಯಾಕ್ಕೆ ಉಳಿಯುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ, ಕೊಳೆ ತೊಟ್ಟಿಗೆ ಪುಡಿ ಚೆಲ್ಲಿ ಕೈತೊಳೆದುಕೊಳ್ಳುತ್ತಾರೆ.

ಶೇ 30–33 ಕ್ಲೋರಿನ್ ಇರುವ ಹೊಸ ಪುಡಿಯಾದರೆ ಲೀಟರ್ ನೀರಿಗೆ 30 ಗ್ರಾಂ. 15 ಲೀಟರ್ ಬಕೆಟ್‌ಗೆ 450 ಗ್ರಾಂ. ಇದು ಸುಮಾರು ಶೇ 1ರ ದ್ರಾವಣ, ರೋಗ ಕಂಡ ಜಾಗಕ್ಕೆ ಇದೇ ಬೇಕು. ಸ್ವಲ್ಪ ಹೊತ್ತು ಬಿಟ್ಟು ತಿಳಿಯನ್ನು ಬಗ್ಗಿಸಿಕೊಂಡು ತೊಟ್ಟಿಯ ಒಳಗೆ, ಹೊರಗೆ, ಅಂಚಿಗೆ ಚೆನ್ನಾಗಿ ಹಚ್ಚಿ 20 ನಿಮಿಷ ಬಿಡಿ. ಆಮೇಲೆ ಎರಡು ಸಲ ತೊಳೆದು ಬಿಸಿಲಿಗೆ ಒಣಗಿಸಿ. ಬಿಸಿಲೂ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ರೋಗವಿಲ್ಲದಾಗ ವಾರಕ್ಕೊಮ್ಮೆ ಲೀಟರಿಗೆ 3 ಗ್ರಾಂ ಸಾಕು. ಬಾಯಿ ತೆರೆದಿಟ್ಟ, ತೇವ ಹಿಡಿದ ಹಳೆ ಪುಡಿಯಲ್ಲಿ ಕಸುವೇ ಇರುವುದಿಲ್ಲ. ಪುಡಿಯನ್ನು ಆ್ಯಸಿಡ್ ಜೊತೆ ಬೆರೆಸಲೇಬೇಡಿ, ವಿಷಾನಿಲ ಬರುತ್ತದೆ.

ಇದೆಲ್ಲಕ್ಕಿಂತ ಅಗ್ಗದ ಉಪಾಯ ಪ್ರತಿ ಪ್ರಾಣಿಗೂ ಬೇರೆ ಬಕೆಟ್. ಬಕೆಟ್‌ಗೆ ಬಣ್ಣದ ಗುರುತು ಹಾಕಿಡಿ.

ದವಡೆ ಕೆಳಗೆ ಊದಿಕೊಂಡು ಕೀವು ಸೋರುತ್ತಿದೆ. ಇದೂ ಗ್ಲ್ಯಾಂಡರ್ಸೇ?

ಸ್ಟ್ರ್ಯಾಂಗಲ್ಸ್ ಇರುವ ಸಾಧ್ಯತೆ ಹೆಚ್ಚು, ವಿಶೇಷವಾಗಿ ಎಳೆಯ ಪ್ರಾಣಿಗಳಲ್ಲಿ. ಇದು ಸ್ಟ್ರೆಪ್ಟೊಕಾಕಸ್ ಈಕ್ವಿಯಿಂದ ಬರುತ್ತದೆ. ಸೋಂಕು ತಗಲಿ 3ರಿಂದ 14 ದಿನದಲ್ಲಿ ಜ್ವರ, ಆಮೇಲೆ ಗಂಟಲಿನ ಗ್ರಂಥಿ ಊದಿ, ಹಣ್ಣಾಗಿ ಒಡೆಯುತ್ತದೆ. ಆದರೂ ಗ್ಲ್ಯಾಂಡರ್ಸ್ ಅಲ್ಲ ಎಂದು ರಕ್ತಪರೀಕ್ಷೆಯಿಂದ ತಿಳಿದುಕೊಂಡೇ ಮುಂದಿನ ಮಾತು. ಅಲ್ಲಿಯವರೆಗೆ ಕೈಗವಸು ಹಾಕದೆ ಕೀವು ಮುಟ್ಟಬೇಡಿ.

ಸ್ಟ್ರ್ಯಾಂಗಲ್ಸ್ ತಡೆಯಲು ಒಂದು ಒಳ್ಳೆಯ ಅವಕಾಶವಿದೆ. ಜ್ವರ ಏರಿದ ಮೇಲೆ ಒಂದೆರಡು ದಿನ ಕಳೆದೇ ಸಿಂಬಳದಲ್ಲಿ ಬ್ಯಾಕ್ಟೀರಿಯಾ ಹೊರಬರತೊಡಗುತ್ತದೆ. ಹಿಂಡಿನಲ್ಲಿ ಒಂದಕ್ಕೆ ಬಂತು ಎಂದಾದರೆ ಉಳಿದವುಗಳ ಮೈಬಿಸಿ ದಿನಕ್ಕೆರಡು ಸಲ ಅಳೆದು, ಏರಿದ್ದನ್ನು ಆ ಕೂಡಲೇ ಬೇರ್ಪಡಿಸಿದರೆ ಮುಂದಿನ ಸರಪಳಿ ತುಂಡಾಗುತ್ತದೆ. ಕೀವು ಕಾಣುವವರೆಗೆ ಕಾದರೆ ಆ ಅವಕಾಶ ಹೋಯಿತು.

ಊದಿದ ಜಾಗಕ್ಕೆ ಬಿಸಿನೀರಿನ ಬಟ್ಟೆಯ ಶಾಖ ಕೊಡಿ, ಮೆತ್ತಗಿನ ಮೇವು ಕೊಡಿ. ಮೆತ್ತಗಾಗುವ ಮುಂಚೆ ಕುಯ್ಯಿಸಬೇಡಿ, ಗಟ್ಟಿ ಗಂಟನ್ನು ಕುಯ್ದರೆ ರಕ್ತ ಬರುತ್ತದೆಯೇ ಹೊರತು ಕೀವಲ್ಲ. ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತುರ್ತು. ವಾಸಿಯಾದ ಕೆಲವು ಪ್ರಾಣಿಗಳು ಗಂಟಲಿನ ಹಿಂದಿನ ಗಾಳಿಚೀಲದಲ್ಲಿ ಸೋಂಕು ಉಳಿಸಿಕೊಂಡು ತಿಂಗಳುಗಟ್ಟಲೆ ಹಂಚುತ್ತವೆ. "ಎಲ್ಲಿಂದ ಬಂತೋ ಗೊತ್ತಿಲ್ಲ" ಎನ್ನುವ ಎಷ್ಟೋ ಪ್ರಕರಣಗಳ ಮೂಲ ಇದೇ.

ಧನುರ್ವಾಯುವಿಗೆ ಲಸಿಕೆ ಹಾಕಿಸಬೇಕೆ?

ಖಂಡಿತ ಹಾಕಿಸಿ. ಸಾಕುಪ್ರಾಣಿಗಳಲ್ಲಿ ಕುದುರೆ ಜಾತಿಗಿಂತ ಬೇಗ ಧನುರ್ವಾಯುವಿಗೆ ತುತ್ತಾಗುವ ಪ್ರಾಣಿ ಇಲ್ಲ. ಮೊಳೆ ಚುಚ್ಚಿದ ಗೊರಸು, ಹೇರಿನ ಗಾಯ, ಹೊಕ್ಕಳು ಇವೇ ಬಾಗಿಲು. ಟಾಕ್ಸಾಯ್ಡ್ ಎಂಬ ಲಸಿಕೆ ಎರಡು ಡೋಸ್, ನಡುವೆ 4 ವಾರ, ಒಂದು ವರ್ಷಕ್ಕೆ ಬೂಸ್ಟರ್, ಆಮೇಲೆ ವೈದ್ಯರು ಹೇಳಿದಂತೆ 1ರಿಂದ 3 ವರ್ಷಕ್ಕೊಮ್ಮೆ. ಲಸಿಕೆ ಆಗದ ಪ್ರಾಣಿಗೆ ಆಳವಾದ ಗಾಯವಾದರೆ ಅಂದೇ ರೋಗದ ವಿಷಕ್ಕೆ ಪ್ರತಿಮದ್ದಾದ ಆ್ಯಂಟಿಟಾಕ್ಸಿನ್ 1,500 ಯೂನಿಟ್ ಕೊಡಿಸಿ, ಮೈಯ ಬೇರೆ ಜಾಗದಲ್ಲಿ ಟಾಕ್ಸಾಯ್ಡ್ ಕೂಡ.

ರೋಗ ಶುರುವಾದರೆ ಕಾಲು ಅಗಲಿಸಿ ಮರದ ಕುದುರೆಯಂತೆ ಸೆಟೆದು ನಿಲ್ಲುತ್ತದೆ, ಬಾಲ ಮೇಲಕ್ಕೆ, ಬಾಯಿ ಬಿಡುವುದಿಲ್ಲ. ಗಲ್ಲದ ಕೆಳಗೆ ಮೆಲ್ಲಗೆ ತಟ್ಟಿದರೆ ಕಣ್ಣಿನ ಒಳಮೂಲೆಯ ಮೂರನೇ ರೆಪ್ಪೆ ಥಟ್ಟನೆ ಕಣ್ಣಿನ ಮೇಲೆ ಸರಿಯುತ್ತದೆ. ಇದನ್ನು ಕಂಡರೆ ಕತ್ತಲೆಯ, ಸದ್ದಿಲ್ಲದ ಜಾಗದಲ್ಲಿ ಕಟ್ಟಿ. ಈ ಹಂತದಲ್ಲಿ ಉಳಿಯುವವು ಕಡಿಮೆ.

ಹೇರಿನ ಗಾಯ ವಾಸಿಯೇ ಆಗುವುದಿಲ್ಲ. ಏನು ಮಾಡುವುದು?

ಗಾಯ ಮಾಡಿದ ವಸ್ತು ಇನ್ನೂ ಅಲ್ಲೇ ಒತ್ತುತ್ತಿದೆ, ಅದಕ್ಕೆ. ಗೋಣಿ ಮಡಚಿ ಹಾಕಿದ ಗಂಟು, ಹೊಲಿಗೆ, ಒದ್ದೆ ದಿಂಬು ತೆಗೆದು, ಬೆನ್ನೆಲುಬಿನ ನೇರಕ್ಕೆ ಏನೂ ತಾಗದಂತೆ ಎರಡು ಬದಿಗೆ ದಪ್ಪ ಮೆತ್ತೆ ಕೊಡಿ. 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಎರಡು ಮಟ್ಟಸ ಟೀ ಚಮಚ ಹಾಕಿ, ಸಿರಿಂಜಿನಿಂದ ಚಿಮ್ಮಿಸಿ ತೊಳೆಯಿರಿ. ಹಳೆ ಎಂಜಿನ್ ಆಯಿಲ್, ಬ್ಯಾಟರಿ ನೀರು ಹಚ್ಚುವುದನ್ನು ಇಂದೇ ಬಿಡಿ. ಅವು ಹೊಸ ಮಾಂಸವನ್ನೇ ಸುಡುತ್ತವೆ.

ಭುಜದ ಮೇಲಿನ ಉಬ್ಬಿನಲ್ಲಿ ಆಳದಿಂದ ಕೀವು ಬರುತ್ತಾ, ಮುಚ್ಚಿ ಮತ್ತೆ ಒಡೆಯುತ್ತಾ ಇದ್ದರೆ ಅದು ಬರೀ ಹೇರಿನ ಗಾಯ ಅಲ್ಲದಿರಬಹುದು. ಬ್ರುಸೆಲ್ಲಾ ಅಲ್ಲಿ ನೆಲೆಯೂರುವುದುಂಟು. ಕಂದು ಹಾಕಿದ ಹಸುಗಳ ಜೊತೆ ಇದ್ದ ಕತ್ತೆಯಾದರೆ ರಕ್ತಪರೀಕ್ಷೆ ಮಾಡಿಸಿ. ಆ ಕೀವಿನಿಂದ ಮನುಷ್ಯರಿಗೂ ಬರುತ್ತದೆ.

ಮಗುವಿಗೆ ಹಸಿ ಕತ್ತೆ ಹಾಲು ಕೊಡಬಹುದೆ?

ಬೇಡ. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು ಒಳಲೆಯಲ್ಲಿ, ಚಮಚದಲ್ಲಿ ಅಳೆದು ಕೊಡುವ ಹಾಲನ್ನು ಹಸುಗೂಸಿಗೆ ಕುಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕತ್ತೆ ಹಾಲಿನಲ್ಲಿ ಲೈಸೋಜೈಮ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಅಂಶ ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ನಿಜ. ಅದು ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದಿಲ್ಲ, ಕರೆಯುವವರ ಕೈಯ ಕೊಳೆಯನ್ನಂತೂ ತೊಳೆಯುವುದಿಲ್ಲ. ಮೊದಲ 6 ತಿಂಗಳು ಎದೆಹಾಲು ಮಾತ್ರ. ದೊಡ್ಡವರು ಕುಡಿಯುವುದಾದರೆ ಕುದಿಸಿ ಕುಡಿಯಲಿ. ಮಾರುವವರು ವರ್ಷಕ್ಕೊಮ್ಮೆ ಗ್ಲ್ಯಾಂಡರ್ಸ್, ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡರೆ ಕೊಳ್ಳುವವರಿಗೂ ನಂಬಿಕೆ.

ಕೇದಾರನಾಥದ ಹೇಸರಗತ್ತೆಗಳಿಗೆ ಬಂದದ್ದು ಬ್ಯಾಕ್ಟೀರಿಯಾ ರೋಗವೆ?

2025ರಲ್ಲಿ ರುದ್ರಪ್ರಯಾಗ ಜಿಲ್ಲೆಯಲ್ಲಿ ಮೊದಲು ಪತ್ತೆಯಾದದ್ದು ಈಕ್ವೈನ್ ಇನ್‌ಫ್ಲುಯೆಂಜಾ, ಅದು ವೈರಸ್. ಮೇ ಮೊದಲ ವಾರ ಯಾತ್ರೆಯ ದಾರಿಯಲ್ಲಿ ಹತ್ತಕ್ಕೂ ಹೆಚ್ಚು ಪ್ರಾಣಿಗಳು ಸತ್ತಾಗ ಅವುಗಳ ಓಡಾಟವನ್ನೇ ಸ್ವಲ್ಪ ಕಾಲ ನಿಲ್ಲಿಸಿದರು, ಬ್ಯಾಕ್ಟೀರಿಯಾ ಸೋಂಕಿನ ಶಂಕೆಯೂ ಎದ್ದಿತು. ಇವೆರಡೂ ಒಟ್ಟಿಗೆ ಬರುವುದು ಅಚ್ಚರಿಯಲ್ಲ. ವೈರಸ್ ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ. ಸಾಮಾನ್ಯವಾಗಿ ಗಂಟಲಲ್ಲೇ ಸುಮ್ಮನಿರುವ ಸ್ಟ್ರೆಪ್ಟೊಕಾಕಸ್ ಝೂಎಪಿಡೆಮಿಕಸ್ ಆಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮಾಡುತ್ತದೆ. ಜ್ವರ ಇಳಿದ ಮರುದಿನವೇ ಏರುದಾರಿಯಲ್ಲಿ ಹೇರು ಹೊರಿಸಿದರೆ ಹೀಗಾಗುವ ಸಂಭವ ಹೆಚ್ಚು. ಯಾತ್ರೆಗೆ ಹೋಗುವ ಕನ್ನಡಿಗರು ಸಿಂಬಳ ಸುರಿಸುವ, ಕೆಮ್ಮುವ ಪ್ರಾಣಿಯನ್ನು ಏರಬೇಡಿ. ಅದರ ಮಾಲೀಕರಿಗೂ ಮೆಲ್ಲಗೆ ಹೇಳಿ.

ಸಮೀಕ್ಷೆಯಲ್ಲಿ ಸೋಂಕಿನ ಪ್ರಮಾಣ ಶೇ 2.5 ಎಂದು ಬಂತು. ಅದನ್ನು ನಂಬಬಹುದೆ?

ಯಾವ ಪರೀಕ್ಷೆ, ಯಾವ ಪ್ರಾಣಿಗಳು ಎಂದು ತಿಳಿಯುವವರೆಗೆ ನಂಬಬೇಡಿ. ಒಂದು ಲೆಕ್ಕ ನೋಡಿ. 1,000 ಕತ್ತೆಗಳಿವೆ, ನಿಜವಾಗಿ ಸೋಂಕಿರುವುದು 5ಕ್ಕೆ ಎಂದುಕೊಳ್ಳಿ. ಪರೀಕ್ಷೆಯ ಸಂವೇದನೆ (ಸೋಂಕಿರುವುದನ್ನು ಹಿಡಿಯುವ ಪ್ರಮಾಣ) ಶೇ 95, ನಿರ್ದಿಷ್ಟತೆ (ಸೋಂಕಿಲ್ಲದ್ದನ್ನು ಇಲ್ಲ ಎಂದು ಸರಿಯಾಗಿ ಹೇಳುವ ಪ್ರಮಾಣ) ಶೇ 98 ಇರಲಿ. ಸೋಂಕಿರುವ 5ರಲ್ಲಿ ಹೆಚ್ಚುಕಡಿಮೆ ಐದೂ ಸಿಕ್ಕುತ್ತವೆ. ಸೋಂಕಿಲ್ಲದ 995ರಲ್ಲಿ ಶೇ 2, ಅಂದರೆ ಸುಮಾರು 20, ತಪ್ಪಾಗಿ ಪಾಸಿಟಿವ್ ಬರುತ್ತವೆ. ಒಟ್ಟು 25, ವರದಿಯಲ್ಲಿ ಶೇ 2.5. ನಿಜ ಶೇ 0.5. ಐದು ಪಟ್ಟು ಉಬ್ಬಿದ ಸಂಖ್ಯೆ, ಅದೂ ಒಳ್ಳೆಯ ಪರೀಕ್ಷೆಯಿಂದಲೇ. ರೋಗ ವಿರಳವಾದಷ್ಟೂ ಈ ಮೋಸ ಹೆಚ್ಚು. ಅದಕ್ಕೇ ಎಲೈಸಾ ಒಂದರ ಮೇಲೆ ಯಾವ ಪ್ರಾಣಿಯನ್ನೂ ಕೊಲ್ಲಬಾರದು.

ಸರಿಪಡಿಸುವ ಸೂತ್ರ ಸುಲಭ: ಶೇಕಡಾಗಳನ್ನು ದಶಮಾಂಶದಲ್ಲಿ ಬರೆದು, ಕಂಡ ಪ್ರಮಾಣಕ್ಕೆ ನಿರ್ದಿಷ್ಟತೆ ಕೂಡಿಸಿ 1 ಕಳೆಯಿರಿ. ಬಂದದ್ದನ್ನು, ಸಂವೇದನೆಗೆ ನಿರ್ದಿಷ್ಟತೆ ಕೂಡಿಸಿ 1 ಕಳೆದ ಸಂಖ್ಯೆಯಿಂದ ಭಾಗಿಸಿ. ಇಲ್ಲಿ 0.005 ಭಾಗಿಸು 0.93, ಸುಮಾರು 0.0054, ಅಂದರೆ ಶೇ 0.5.

ಪ್ರತಿಕಾಯ ಸಿಕ್ಕಿತು ಎಂದರೆ ಈಗ ರೋಗ ಇದೆ ಎಂದಲ್ಲ ಎಂಬುದನ್ನೂ ಮರೆಯಬೇಡಿ. ಇಲಿ ಜ್ವರದಲ್ಲಿ ಇದು ಸಾಮಾನ್ಯ. ಗ್ಲ್ಯಾಂಡರ್ಸ್‌ನಲ್ಲಿ ಇನ್ನೊಂದು ಗೊಂದಲವಿದೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮನುಷ್ಯರಿಗೆ ಬರುವ ಮೆಲಿಯೊಯ್ಡೊಸಿಸ್‌ನ ಬ್ಯಾಕ್ಟೀರಿಯಾ ಇದರ ಹತ್ತಿರದ ಬಂಧು, ಅದು ಮಣ್ಣಿನಲ್ಲೇ ಇರುತ್ತದೆ. ಅದರ ಪ್ರತಿಕಾಯ ಗ್ಲ್ಯಾಂಡರ್ಸ್ ಪರೀಕ್ಷೆಯಲ್ಲೂ ಪ್ರತಿಕ್ರಿಯೆ ತೋರಬಹುದು. ಕರಾವಳಿಯ ಕತ್ತೆಗಳ ಫಲಿತಾಂಶ ಓದುವಾಗ ಇದು ತಲೆಯಲ್ಲಿರಲಿ.

ಎಷ್ಟು ಪ್ರಾಣಿಗಳ ರಕ್ತ ತೆಗೆಯಬೇಕು?

ರೋಗ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾದರೆ, ದೊಡ್ಡ ಸಮೂಹದಲ್ಲಿ ಶೇ 10ರಷ್ಟಾದರೂ ಇದ್ದರೆ ಒಂದಾದರೂ ಸಿಗಲಿ ಎಂಬ ಶೇ 95ರ ಭರವಸೆಗೆ 29 ಸಾಕು. ಶೇ 5ಕ್ಕೆ 59, ಶೇ 1ಕ್ಕೆ 299. ಪ್ರಮಾಣವನ್ನೇ ಅಂದಾಜಿಸಬೇಕಾದರೆ, ಮೊದಲ ಊಹೆ ಶೇ 50, ತಪ್ಪಿನ ಮಿತಿ ಆಚೀಚೆ ಶೇ 5 ಎಂದಿಟ್ಟರೆ 385. ಆದರೆ ಒಂದೇ ಭಟ್ಟಿಯ ಪ್ರಾಣಿಗಳು ಒಂದೇ ನೀರು ಕುಡಿಯುವುದರಿಂದ ಅವುಗಳ ಫಲಿತಾಂಶ ಒಂದೇ ತೆರನಾಗಿರುತ್ತದೆ. ಹತ್ತು ಭಟ್ಟಿಗಳಿಂದ 385 ತೆಗೆದರೆ ಅದು 385ರ ಬೆಲೆ ಬಾಳುವುದಿಲ್ಲ. ಸಂಖ್ಯೆಯನ್ನು ಇಮ್ಮಡಿಸಿ, ಭಟ್ಟಿಗಳನ್ನು ಹೆಚ್ಚಿಸಿ. ಚಿಕಿತ್ಸಾ ಶಿಬಿರಕ್ಕೆ ಬಂದವುಗಳಿಂದ ಮಾತ್ರ ತೆಗೆದರೆ ಅದು ಕಾಯಿಲೆಯವುಗಳ ಲೆಕ್ಕವೇ ಹೊರತು ಊರಿನ ಲೆಕ್ಕ ಅಲ್ಲ. ಸಮೀಕ್ಷೆಯ ವಿನ್ಯಾಸಕ್ಕೆ ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆಯವರ ಸಲಹೆ ಕೇಳಬಹುದು, ಪಶುರೋಗಗಳ ಹರಡುವಿಕೆಯನ್ನು ಲೆಕ್ಕಹಾಕುವುದೇ ಅವರ ಕೆಲಸ.

ರಕ್ತ ತೆಗೆಯುವಾಗ ಕತ್ತೆಯಲ್ಲಿ ಏನು ವ್ಯತ್ಯಾಸ?

ಕತ್ತಿನ ನಡುಭಾಗದಲ್ಲಿ ರಕ್ತನಾಳದ ಮೇಲೆ ದಪ್ಪ ಸ್ನಾಯುಪದರ ಇರುವುದರಿಂದ ಅಲ್ಲಿ ಹುಡುಕಿ ಸೋಲುತ್ತಾರೆ. ಕತ್ತಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಪ್ರಯತ್ನಿಸಿ, ಸೂಜಿಯನ್ನು ಕುದುರೆಗಿಂತ ಹೆಚ್ಚು ನೆಟ್ಟಗೆ ಹಿಡಿಯಿರಿ, ಚರ್ಮವೂ ದಪ್ಪ. ಕೆಂಪು ಮುಚ್ಚಳದ ಟ್ಯೂಬಿಗೆ 5ರಿಂದ 10 ಮಿ.ಲೀ. ತೆಗೆದು, ಓರೆಯಾಗಿ ಇಟ್ಟು ಹೆಪ್ಪುಗಟ್ಟಲು ಬಿಡಿ. ಹೆಪ್ಪುಗಟ್ಟುವ ಮೊದಲೇ ಐಸ್‌ಗೆ ಹಾಕಿದರೆ, ಬೈಕಿನಲ್ಲಿ ಕುಲುಕಿದರೆ ರಕ್ತಕಣ ಒಡೆದು ಸೀರಮ್ ಕೆಂಪಾಗುತ್ತದೆ, ಪ್ರಯೋಗಾಲಯ ತಿರಸ್ಕರಿಸುತ್ತದೆ. ಬೇರ್ಪಟ್ಟ ಸೀರಮ್ಮನ್ನು 4 ಡಿಗ್ರಿಯಲ್ಲಿ ಕಳಿಸಿ, ತಡವಾಗುವುದಾದರೆ ಮೈನಸ್ 20ರಲ್ಲಿ ಇಡಿ. ಗುರುತು ಸಂಖ್ಯೆ ಟ್ಯೂಬಿನ ಮೇಲೂ, ನಮೂನೆಯಲ್ಲೂ ಒಂದೇ ಇರಲಿ. ಗ್ಲ್ಯಾಂಡರ್ಸ್ ಶಂಕೆಯ ಕೀವನ್ನು ಸಾಮಾನ್ಯ ಪ್ರಯೋಗಾಲಯದಲ್ಲಿ ಬೆಳೆಸಲು ಕೊಡಬೇಡಿ, ಅಲ್ಲಿನ ಸಿಬ್ಬಂದಿಗೆ ಅಪಾಯ.

ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನಾವೇ ಚುಚ್ಚಿದರೆ?

ಡೋಸ್ ತಪ್ಪುವುದು ಬಹುತೇಕ ಖಚಿತ. ಎದೆ ಸುತ್ತಳತೆ 100 ಸೆಂ.ಮೀ., ಎತ್ತರ 95 ಸೆಂ.ಮೀ. ಇರುವ ಕತ್ತೆಯ ತೂಕ ಸುಮಾರು 105 ಕೆ.ಜಿ. ಮಾತ್ರ, ಕಣ್ಣಂದಾಜಿನವರು 150 ಎನ್ನುತ್ತಾರೆ. ಜೊತೆಗೆ ಕತ್ತೆಯ ದೇಹ ಹಲವು ಔಷಧಿಗಳನ್ನು ಕುದುರೆಗಿಂತ ಬೇಗ ಹೊರಹಾಕುತ್ತದೆ. ಪ್ರಮಾಣ ಮಾತ್ರವಲ್ಲ, ಎಷ್ಟು ಗಂಟೆಗೊಮ್ಮೆ ಎಂಬುದೂ ಬೇರೆ. ಒಂದೇ ಇಂಜೆಕ್ಷನ್ ಹಾಕಿ ಬಿಟ್ಟರೆ ರೋಗ ಮುಚ್ಚಿಹೋಗುತ್ತದೆ, ಪರೀಕ್ಷೆಯೂ ಹಾಳು.

ಏನೂ ಇಲ್ಲದೆ ರಾತ್ರೋರಾತ್ರಿ ಸತ್ತಿದೆ, ಮೂಗಿನಲ್ಲಿ ರಕ್ತ. ಕೊಯ್ದು ನೋಡಬಹುದೆ?

ಮುಟ್ಟಬೇಡಿ. ಅಂಥ್ರಾಕ್ಸ್ ಇರಬಹುದು. ಕೊಯ್ದರೆ ಗಾಳಿ ತಾಗಿ ಬೀಜಕಣಗಳಾಗುತ್ತವೆ, ಅವು ಮಣ್ಣಿನಲ್ಲಿ ದಶಕಗಳ ಕಾಲ ಬದುಕುತ್ತವೆ. ನಾಯಿ, ಕಾಗೆ ಬಾರದಂತೆ ಮುಚ್ಚಿ, ವೈದ್ಯರು ಕಿವಿಯಿಂದ ರಕ್ತದ ಲೇಪ ತೆಗೆಯುವವರೆಗೆ ಕಾಯಿರಿ.

ಜಾತ್ರೆಯಿಂದ ಹೊಸ ಕತ್ತೆ ತಂದರೆ?

ಕನಿಷ್ಠ 3 ವಾರ ಬೇರೆ ಜಾಗ, ಬೇರೆ ಬಕೆಟ್, ಬೇರೆ ಹಗ್ಗ. ದಿನಾ ಬೆಳಿಗ್ಗೆ ಮೈಬಿಸಿ ಬರೆದಿಡಿ. ಮೊದಲು ಹಳೆಯವುಗಳ ಕೆಲಸ ಮುಗಿಸಿ, ಕೊನೆಗೆ ಹೊಸದರ ಹತ್ತಿರ ಹೋಗಿ. ಈ ಅವಧಿಯಲ್ಲೇ ಗ್ಲ್ಯಾಂಡರ್ಸ್‌ಗೆ ರಕ್ತ ಕೊಡಿ, ಧನುರ್ವಾಯು ಲಸಿಕೆ ಹಾಕಿಸಿ. ಗ್ಲ್ಯಾಂಡರ್ಸ್ ತಿಂಗಳುಗಟ್ಟಲೆ ಅಡಗಿರಬಹುದಾದ್ದರಿಂದ 3 ವಾರ ಚೆನ್ನಾಗಿತ್ತು ಎಂದು ಪರೀಕ್ಷೆ ಬಿಡಬೇಡಿ.

ಯಾರಿಗೆ ಹೇಳಬೇಕು? ಹೇಳಲೇಬೇಕೆ?

ಹೇಳಲೇಬೇಕು. 1899ರಷ್ಟು ಹಿಂದೆಯೇ ಗ್ಲ್ಯಾಂಡರ್ಸ್‌ಗೆ ಪ್ರತ್ಯೇಕ ಕಾಯ್ದೆ ಇತ್ತು. ಈಗ ಅದರ ಜಾಗದಲ್ಲಿ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ ಇದೆ. ಪಟ್ಟಿಯಲ್ಲಿರುವ ರೋಗದ ಶಂಕೆ ಬಂದರೆ ಗ್ರಾಮ ಅಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸುವುದು ಮಾಲೀಕರ ಕರ್ತವ್ಯ, ಅಲ್ಲಿಂದ ಪಶುವೈದ್ಯರಿಗೆ ಸುದ್ದಿ ಹೋಗುತ್ತದೆ. ನೇರವಾಗಿ ಹತ್ತಿರದ ಪಶು ಆಸ್ಪತ್ರೆಗೆ ಹೇಳಬಹುದು, ಅಥವಾ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುತ್ತದೆ. ಕರೆ ಮಾಡುವಾಗ ಎಷ್ಟು ಪ್ರಾಣಿಗಳಿವೆ, ಎಷ್ಟಕ್ಕೆ ಜ್ವರ, ಕಳೆದ ತಿಂಗಳಲ್ಲಿ ಯಾವ ಸಂತೆ, ಯಾವ ಊರಿಗೆ ಹೋಗಿದ್ದವು, ಜೊತೆಗೆ ಕುದುರೆ ಇದ್ದವೇ ಎಂಬುದನ್ನು ಬರೆದಿಟ್ಟುಕೊಂಡು ಹೇಳಿ. ವೈದ್ಯರು ಬರುವವರೆಗೆ ಯಾವ ಪ್ರಾಣಿಯನ್ನೂ ಆ ಜಾಗದಿಂದ ಹೊರಗೆ ಹೊಡೆಯಬೇಡಿ, ಮಾರಬೇಡಿ.